ಅಣ್ಣ ಅಂದರೆ ಯಾರು

ಸುಚಿತ್ರಾಳಿಗೆ ಸರ್ವೆ ಕೆಲಸ ಹೊಸದಲ್ಲ. ಕುರಿ, ಶೌಚಾಲಯ, ರೇಷ್ಮೆ ಬೆಳೆ, ಹೀಗೆ ಚನ್ನಪಟ್ಟಣ ತಾಲ್ಲೂಕಿನಲ್ಲಿ ಎಣಿಸಬೇಕಾದ್ದನ್ನೆಲ್ಲ ಎಣಿಸಿ ಬಂದಿದ್ದಳು. ಹುಣಸೆ ಮರದ ಕೆಳಗೆ ಕೂತು ತಾವೇ ಉತ್ತರ ತುಂಬಿ ಎದ್ದು ಹೋಗುವ ಮಹಾನುಭಾವರು ಈ ಕಸುಬಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ನಾಯಿ ಅಟ್ಟಿಸಿಕೊಂಡು ಬಂದರೂ ಸುಚಿತ್ರಾ ಒಂದು ಮನೆ ಬಿಟ್ಟವಳಲ್ಲ. ಅವಳು ಸಂಪಾದಿಸಿದ್ದು ಆ ಹೆಸರೊಂದೇ.

ಈ ಸಲ ಅಳೆಯಬೇಕಾಗಿದ್ದುದು ಮಾತನ್ನು. ಹದಿಹರೆಯದವರು ತಮ್ಮ ಒಳಗಿನದನ್ನು ಓರಗೆಯವರಿಗೆ ಎಷ್ಟು ಹೇಳಿಕೊಳ್ಳುತ್ತಾರೆ ಎಂದು ಯಾವುದೋ ಸಂಸ್ಥೆಗೆ ತಿಳಿಯಬೇಕಿತ್ತು. ಟ್ಯಾಬ್‌ನಲ್ಲಿ ಬಂದ ಪ್ರಶ್ನೆ, ‘ಸಮವಯಸ್ಕರೊಡನೆ ವೈಯಕ್ತಿಕ ಮಾಹಿತಿಯ ವಿನಿಮಯ ಪ್ರಮಾಣ’. ಬರೆದ ಪುಣ್ಯಾತ್ಮರು ಯಾವ ಮಗುವಿನ ಜೊತೆ ಹೀಗೆ ಮಾತಾಡಿದ್ದರೋ ಕಾಣೆ. ಸುಚಿತ್ರಾ ಅದನ್ನು ಪಕ್ಕಕ್ಕಿಟ್ಟು, “ಮನಸಲ್ಲಿರೋದ್ನ ಯಾರ್ ತಾವ ಹೇಳ್ಕತೀಯವ್ವ?” ಎಂದು ಕೇಳುತ್ತಿದ್ದಳು.

ಅವಳ ಪಾಲಿಗೆ ಬಂದ ಹಳ್ಳಿ ಅಕ್ಕೂರು. ಅಲ್ಲಿನ ಮಕ್ಕಳು ಒಬ್ಬರಾದ ಮೇಲೊಬ್ಬರು ಅಣ್ಣ ಅಂದರು, ಅಕ್ಕ ಅಂದರು. ‘ಸ್ನೇಹಿತರು’ ಎಂಬ ಕಾಲಂ ಖಾಲಿ ಉಳಿಯಿತು.

ರಾಮನಗರದ ಆಫೀಸಿನಲ್ಲಿ ಮೇಲ್ವಿಚಾರಕ ಮಧುಕುಮಾರ್ ಹುಬ್ಬು ಗಂಟಿಕ್ಕಿದರು. “ಒಬ್ಬಳೇ ಮಗಳಿರೋ ಮನೇಲೂ ಅಣ್ಣ ಎಲ್ಲಿಂದ ಬಂದ? ಕೂತ ಜಾಗದಲ್ಲೇ ತುಂಬಿದ ಹಾಗಿದೆಯಲ್ಲ, ಸುಚಿತ್ರಾ.”

“ದೊಡ್ಡಪ್ಪನ ಮಗನೂ ಅಣ್ಣನೇ ಸಾರ್, ಪಕ್ಕದ ಮನೆಯವನೂ ಅಣ್ಣನೇ. ನಮ್ಮ ಕಡೆ ಹೆಸರು ಹಿಡಿದು ಯಾರು ಕರೀತಾರೆ?”

“ಹಾಗಾದ್ರೆ ಮತ್ತೆ ಹೋಗಿ, ಸ್ವಂತ ಅಣ್ಣನಾ ಅಂತ ಕೇಳಿಕೊಂಡು ಬನ್ನಿ.”

ಅವಳಿಗೆ ಮೈಯೆಲ್ಲ ಉರಿಯಿತು. ಆದರೂ ಹೋದಳು.

ಹಾಗೆ ಮತ್ತೆ ಹೋದ ಮನೆಗಳಲ್ಲಿ ಒಬ್ಬ ಹುಡುಗಿಯದೂ ಇತ್ತು. ಅವಳ ನಿಜವಾದ ಹೆಸರು ಬೇಡ, ಪುಟ್ಟಿ ಅನ್ನೋಣ. ಆ ಕಡೆ ಮನೆಗೊಬ್ಬಳು ಪುಟ್ಟಿ ಇದ್ದೇ ಇರುತ್ತಾಳೆ. ಮೊದಲ ಸಲ ಹೋದಾಗ ಮನೆಯಲ್ಲಿ ಒಬ್ಬಳೇ ಇದ್ದಳು. ಭಯ, ಫೋಟೋ, ಫೋನಿನ ಪಾಸ್‌ವರ್ಡ್ ಎಲ್ಲವೂ ಕಾಲೇಜು ಬಸ್ಸಿನ ಒಬ್ಬ ಅಣ್ಣನಿಗೆ ಗೊತ್ತು ಎಂದಿದ್ದಳು. “ಏನಾರ ಮಾತು ಕೇಳಿಬಂದ್ರೆ ಕಾಲೇಜ್ ಬುಡಿಸ್ತೀನಿ ಅಂದವ್ರೆ ಅಪ್ಪ” ಎಂದೂ ಹೇಳಿದ್ದಳು.

ಈ ಸಲ ಅಜ್ಜಿ ದಾಸಮ್ಮ ಪಕ್ಕದಲ್ಲೇ ಕೂತು ಹುಳಕ್ಕೆ ಹಿಪ್ಪುನೇರಳೆ ಸೊಪ್ಪು ಕತ್ತರಿಸುತ್ತಿದ್ದರು. ಆ ಬೆಳಗ್ಗೆಯಿಂದ ಮನೆಮನೆಯಲ್ಲೂ ಕೇಳಿದ್ದ ಪ್ರಶ್ನೆ ಸುಚಿತ್ರಾಳ ಬಾಯಿಂದ ತಾನಾಗಿಯೇ ಬಂದುಬಿಟ್ಟಿತು.

“ಅಣ್ಣನ ತಾವ ಎಲ್ಲಾ ಹೇಳ್ಕತೀನಿ ಅಂದಿದ್ಯಲ್ಲ, ಯಾವ ಅಣ್ಣ ಅವ್ನು?”

ಅಜ್ಜಿಯ ಕೈ ನಿಂತಿತು. “ಅಣ್ಣನಾ? ನಮ್ಮನೇಲಿ ಇವ್ಳೊಬ್ಳೇ ಅಲ್ವಾ? ಯಾವೂರ್ ಅಣ್ಣ?”

ಪುಟ್ಟಿಯ ಮುಖದಲ್ಲಿ ರಕ್ತವೇ ಇರಲಿಲ್ಲ. ಸುಚಿತ್ರಾ ಟ್ಯಾಬನ್ನು ಕಣ್ಣಿನ ಹತ್ತಿರ ಹಿಡಿದುಕೊಂಡಳು.

“ಅಣ್ಣ ಅಲ್ಲ ಅಜ್ಜಿ, ಅಕ್ಕ. ದೊಡ್ಡಪ್ಪನ ಮಗಳು. ನಾನೇ ತಪ್ಪು ಓದ್ಬುಟ್ಟೆ.”

“ನೋಡ್ಕಂಡು ಓದವ್ವ” ಎಂದರು ದಾಸಮ್ಮ. “ಒಂದಕ್ಷರಕ್ಕೆ ಮನೆ ಮುರಿದೋಯ್ತದೆ.”

ಸುಚಿತ್ರಾ ‘ಅಕ್ಕ’ ಎಂದು ಒತ್ತಿದಳು. ತಾನೇ ತುಂಬಿದ ಮೊದಲ ಉತ್ತರ ಅದು, ಅವಳಿಗೆ ನಾಚಿಕೆಯಾಯಿತು. ಪುಟ್ಟಿ ತಲೆ ಎತ್ತಲಿಲ್ಲ.

ಮಾರನೆಯ ದಿನ ಮಧುಕುಮಾರ್ ಖುಷಿಯಾಗಿದ್ದರು. ಅಣ್ಣಂದಿರಲ್ಲಿ ಮುಕ್ಕಾಲು ಪಾಲು ಸ್ನೇಹಿತರ ಕಾಲಮ್ಮಿಗೆ ಬಂದಿದ್ದರು.

“ಈಗ ಸರಿಹೋಯ್ತು. ಉತ್ತರ ಬದಲಾದ ಮನೆಗಳಿಗೆ ಮಾತ್ರ ಒಂದು ಫೋನ್ ಹಾಕಿಸಿ ಖಚಿತ ಮಾಡ್ಕೊಂಡುಬಿಡ್ತೀನಿ. ಮೊದಲು ಅಣ್ಣ ಅಂದು, ಆಮೇಲೆ ಅಕ್ಕ ಅಂದವಳು ಒಬ್ಬಳಿದ್ದಾಳೆ. ಅವಳಿಂದಲೇ ಶುರು ಮಾಡಿಸ್ತೀನಿ.”

“ಯಾವ ನಂಬರಿಗೆ ಸಾರ್?”

“ಇನ್ಯಾವುದಕ್ಕೆ? ಅಪ್ಪಂದಿರ ನಂಬರ್ ಇದೆಯಲ್ಲ.”

ಪುಟ್ಟಿಯ ಅಪ್ಪ ಹಾಕಿದ್ದ ಬೆದರಿಕೆ ಸುಚಿತ್ರಾಳಿಗೆ ನೆನಪಾಯಿತು. ಅದೊಂದು ಮನೆ ಬಿಟ್ಟುಬಿಡಿ ಎಂದರೆ, ಅದ್ಯಾಕೆ ಎಂದು ಮೊದಲು ಅಲ್ಲಿಗೇ ಫೋನ್ ಹೋಗುತ್ತಿತ್ತು.

“ಫೋನ್ ಬೇಡ ಸಾರ್” ಎಂದಳು. “ಅಕ್ಕೂರಿಗೆ ನಾನು ಹೋಗೇ ಇಲ್ಲ. ಎಲ್ಲಾ ನಾನೇ ಕೂತು ತುಂಬಿದ್ದು.”

ಮಧುಕುಮಾರ್ ಅವಳ ಮುಖವನ್ನೇ ನೋಡಿದರು. “ನನಗೆ ಮೊದಲೇ ಗೊತ್ತಿತ್ತು” ಎಂದು ಹೇಳಿ, ಅವಳ ಎದುರಿಗೇ ಅಕ್ಕೂರನ್ನು ಪಟ್ಟಿಯಿಂದ ಪೂರ್ತಿ ಅಳಿಸಿಹಾಕಿದರು.