ಡಿಸೈನು ಲಿಂಗಯ್ಯನ ತೊಟ್ಟಿಲು

ಗುಂಡ್ಲುಪೇಟೆಗೆ ಹೋಗಿ ಲಿಂಗಯ್ಯನ ಮನೆ ಎಲ್ಲಿ ಎಂದರೆ, ಯಾವ ಲಿಂಗಯ್ಯ ಎಂದು ಊರಿನವರೇ ಮರಳಿ ಕೇಳುತ್ತಿದ್ದರು. ಡಿಸೈನು ಲಿಂಗಯ್ಯ ಎಂದರೆ ಮಾತ್ರ, ಲಾರಿಗೆ ಈರುಳ್ಳಿ ಮೂಟೆ ಹೊರುತ್ತಿದ್ದವನೂ ಮೂಟೆ ಇಳಿಸಿ, ನಗುವಷ್ಟು ನಕ್ಕು, ಆಮೇಲೆ ದಾರಿ ತೋರಿಸುತ್ತಿದ್ದ.

ಲಿಂಗಯ್ಯ ಮರ ಕಡೆಯುವವನು. ಬುಗುರಿ, ಲಟ್ಟಣಿಗೆ, ಕಡಗೋಲು ಇವು ಅವನ ಕಸುಬು. ಹುಟ್ಟಿನಿಂದ ಬಂದ ವಿದ್ಯೆಯಲ್ಲ. ಹರೆಯದಲ್ಲಿ ಮನೆಯಲ್ಲಿ ಜಗಳವಾಡಿಕೊಂಡು ಚನ್ನಪಟ್ಟಣಕ್ಕೆ ಓಡಿಹೋಗಿ, ಬೊಂಬೆ ಮಾಡುವವರ ಹತ್ತಿರ ಎರಡು ವರ್ಷ ಇದ್ದು ಬಂದಿದ್ದ. ಮೊದಲನೆಯ ವರ್ಷ ಉಳಿ ಹಿಡಿಯುವುದನ್ನು ಕಲಿಸಿದರು, ಎರಡನೆಯ ವರ್ಷ ಅರಗಿನ ಬಣ್ಣ ಹಚ್ಚುವುದನ್ನು ಕಲಿಸಿದರು. ಅಳತೆ ಹಾಕುವುದು ಮೂರನೆಯ ವರ್ಷದ ಪಾಠವಂತೆ. ಅಷ್ಟರಲ್ಲಿ ಅವನಿಗೆ ಮನೆಯ ನೆನಪಾಯಿತು.

ಹೀಗಾಗಿ ಅವನ ಲಟ್ಟಣಿಗೆ ಒಂದು ತುದಿಗೆ ದಪ್ಪ, ಇನ್ನೊಂದು ತುದಿಗೆ ಸಣ್ಣ. ಹೋಟೆಲಿನ ಯಶೋದಮ್ಮ ಬಂದು, ಇದರಲ್ಲಿ ಲಟ್ಟಿಸಿದ ಚಪಾತಿ ಬೀಸಣಿಗೆಯಂತೆ ಆಗುತ್ತದೆ ಎಂದು ದೂರಿದಾಗ ಲಿಂಗಯ್ಯ ಕಸಿವಿಸಿಗೊಳ್ಳಲಿಲ್ಲ. “ಅದು ತಪ್ಪಲ್ಲ ಕಣಮ್ಮ, ಡಿಸೈನು. ತೆಳ್ಳಗಿನ ಕಡೆ ಹಲ್ಲಿಲ್ಲದೋರಿಗೆ, ದಪ್ಪನ ಕಡೆ ಹಲ್ಲಿರೋರಿಗೆ” ಎಂದ. ಅಂದಿನಿಂದ ಅವನ ಹೆಸರಿನ ಮುಂದೆ ಆ ಪದವಿ ಅಂಟಿಕೊಂಡಿತು. ಅಚ್ಚಿನಲ್ಲಿ ತಪ್ಪು ಬಂದರೆ ಮುದ್ರಾರಾಕ್ಷಸನ ಮೇಲೆ ಹೇರಿ ಕೈ ತೊಳೆದುಕೊಳ್ಳುವ ನಮ್ಮಂಥವರು ಅವನನ್ನು ಕಂಡು ನಗುವ ಹಾಗಿಲ್ಲ; ಆದರೂ ನಗುತ್ತಿದ್ದೆವು.

ಅವನ ಯಂತ್ರವೆಂದರೆ ನೆಲಕ್ಕೆ ಹುಗಿದ ಎರಡು ಗೂಟ, ಗೂಟಗಳ ನಡುವೆ ಮರ, ಮರಕ್ಕೆ ಸುತ್ತಿದ ಒಂದು ಹಗ್ಗ. ಹಗ್ಗದ ಎರಡು ತುದಿ ಹೆಂಡತಿ ಮರಿತಾಯಮ್ಮನ ಎರಡು ಕೈಯಲ್ಲಿ. ಅವಳು ಮೊಸರು ಕಡೆದ ಹಾಗೆ ಎಳೆದರೆ ಮರ ತಿರುಗಬೇಕು, ಆಗ ಇವನು ಉಳಿ ಕೊಡಬೇಕು. ಗಂಡ ಹೆಂಡಿರಿಗೆ ಮಾತು ಬೆಳೆದ ದಿನ ಹಗ್ಗ ಗೂಟಕ್ಕೆ ನೇತಾಡುತ್ತಿತ್ತು. ಆ ದಿನ ಲಿಂಗಯ್ಯ ಬೀದಿಗೆ ಬಂದು, ಇವತ್ತು ಮರ ಹಸಿ ಎನ್ನುತ್ತಿದ್ದ.

ಐವತ್ತೇಳನೆಯ ಇಸವಿಯಲ್ಲಿ ಅವನ ಮಗಳು ಚಿಕ್ಕತಾಯಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಅವಳನ್ನು ಕೊಟ್ಟಿದ್ದು ಚಂದಕವಾಡಿಯ ಪುಟ್ಟಮಾದುವಿನ ಮಗನಿಗೆ. ಕೂಸು ಹುಟ್ಟಿ ಐದನೆಯ ತಿಂಗಳಿಗೆ ಅದು ಅಪ್ಪನ ಮನೆಗೆ ಹೋಗುವಾಗ ಜೊತೆಗೆ ತವರಿನ ತೊಟ್ಟಿಲು ಹೋಗಬೇಕು. ಬೀಗಿತ್ತಿ ಮಲ್ಲಾಜಮ್ಮ ಮದುವೆಯಲ್ಲೇ ಲಿಂಗಯ್ಯನ ಲಟ್ಟಣಿಗೆ ಕಂಡು, ಸೊಸೆಯಾದರೂ ನೆಟ್ಟಗಿದ್ದಾಳಲ್ಲ ಎಂದು ನಾಲ್ಕು ಜನರ ಮುಂದೆ ಹೇಳಿದ್ದ ಹೆಂಗಸು. ಆ ಮಾತಿಗೆ ತೊಟ್ಟಿಲಿನಲ್ಲಿ ಉತ್ತರ ಕೊಡಬೇಕೆಂದು ಲಿಂಗಯ್ಯ ಹಲ್ಲು ಕಚ್ಚಿಕೊಂಡಿದ್ದ. ನಿಲಂಬೂರಿನ ತೇಗದಲ್ಲೇ ಮಾಡುತ್ತೇನೆ, ಕೇರಳದ ಲಾರಿಯವರಿಗೆ ಹೇಳಿಟ್ಟಿದ್ದೇನೆ ಎಂದು ಬೀಗರಿಗೆ ಹೇಳಿಯೂ ಕಳಿಸಿದ್ದ. ಹೇಳಿ ಕಳಿಸುವುದಕ್ಕೆ ತೇಗ ಬೇಕಿಲ್ಲವಲ್ಲ.

ಮರ ಸಿಕ್ಕಿದ್ದು ಬೇರೆ ಕಡೆ. ಮಾಘದಲ್ಲಿ ಚಂದಕವಾಡಿಗೆ ಹೋದಾಗ ಬೀಗರು ಹಳೆಯ ಮನೆ ಕೆಡವಿ ಕಟ್ಟಿಸುತ್ತಿದ್ದರು. ಪುಟ್ಟಮಾದು ಹೊಲದಲ್ಲಿದ್ದ, ಮಲ್ಲಾಜಮ್ಮ ಬದನಗುಪ್ಪೆಯ ತಂಗಿಯ ಮನೆಯಲ್ಲಿದ್ದಳು. ಹುಲ್ಲಿನ ಮೆದೆಯ ಹಿಂದೆ ಬಚ್ಚಲೊಲೆಗೆಂದು ಹಳೆ ಮರ ಗುಡ್ಡೆ ಹಾಕಿತ್ತು. ಅದರಲ್ಲಿ ಮಣ್ಣು ಮೆತ್ತಿದ ದಪ್ಪನೆಯ ಒಂದು ತುಂಡಿಗೆ ಲಿಂಗಯ್ಯ ಉಗುರು ಹಾಕಿ ಕೆರೆದು ನೋಡಿದ. ಹೊನ್ನೆ! ಸೀಳಿದರೆ ತೊಟ್ಟಿಲ ನಾಲ್ಕು ಕಾಲಿಗೆ ಸರಿಯಾಗುವಂಥದ್ದು. ತವರಿನ ತೊಟ್ಟಿಲಿಗೆ ಬೀಗರ ಮನೆಯ ಮರ ಕೇಳುವುದುಂಟೆ? ಸೌದೆಯಾದರೆ ಯಾರೂ ಲೆಕ್ಕಕ್ಕೆ ಇಡುವುದಿಲ್ಲ. ಗಾರೆಯವನಿಗೆ ಸೌದೆಗೆ ಒಂದು ತುಂಡು ಒಯ್ಯುತ್ತೇನೆಂದು ಹೇಳಿ, ಬಸ್ಸಿನ ಮೇಲೆ ಹಾಕಿಸಿಕೊಂಡು ಬಂದ.

ತೊಟ್ಟಿಲ ಮೂರು ಕಾಲುಗಳು ಬೆಣ್ಣೆಯ ಹಾಗೆ ಕಡೆದು ಬಂದವು. ನಾಲ್ಕನೆಯದರ ನಡುಮಧ್ಯಕ್ಕೆ ಉಳಿ ಹೋದಾಗ ಖಣ್ ಎಂದಿತು. ಉಳಿಯ ಬಾಯಿ ಮುರಿದು ಹಾರಿ, ಕಾಲಿನ ಹೊಟ್ಟೆಯಲ್ಲಿ ಹೆಬ್ಬೆರಳು ಹೋಗುವಷ್ಟು ಗುಳಿ ಬಿತ್ತು. ನೋಡಿದರೆ ಮರದೊಳಗೆ ಹಳೆಯ ಕಾಲದ ಒಂದು ಲಾಳದ ಮೊಳೆ. ಅರ್ಧ ಕಿತ್ತು ಬಂದಿತ್ತು, ಇನ್ನರ್ಧ ಒಳಗೇ ಇತ್ತು.

ಮರಿತಾಯಮ್ಮ ಹಗ್ಗ ಬಿಟ್ಟಳು. ಹಳೆ ಮರವನ್ನು ತಿರುವಿ ಮುರುವಿ ನೋಡಬೇಡವೇ, ತಪ್ಪಾಯಿತು ಎನ್ನಿ ಎಂದಳು. ಲಿಂಗಯ್ಯನ ನಾಲಿಗೆಗೆ ಆ ಮಾತು ರೂಢಿಯಿರಲಿಲ್ಲ. ಇದು ಡಿಸೈನಿಗೆ ಜಾಗ ಬಿಟ್ಟದ್ದು ಎಂದ. ಅವಳು ಹಗ್ಗ ಗೂಟಕ್ಕೆ ಸುತ್ತಿ ರಾಗಿ ಬೀಸಲು ಹೋದಳು. ಅವನೇ ಮರದ ಪುಡಿಯನ್ನು ಅರಗಿನಲ್ಲಿ ಕಲಸಿ ಗುಳಿಗೆ ತುಂಬಿ, ಮೇಲೆ ಕೆಂಪು ಬಣ್ಣ ಹಚ್ಚಿ ಬಿಸಿಲಿಗೆ ಇಟ್ಟ. ಮಧ್ಯಾಹ್ನದ ಹೊತ್ತಿಗೆ ಅದು ಕರಗಿ, ಕಾಲಿನ ಉದ್ದಕ್ಕೂ ಮೂಗಿನ ನೆತ್ತರಿನ ಹಾಗೆ ಇಳಿಯಿತು.

ಅದೇ ಹೊತ್ತಿಗೆ ಬೀಗ ಪುಟ್ಟಮಾದು ಮೊಮ್ಮಗನನ್ನು ನೋಡಲು ಬರಬೇಕೆ? ತೊಟ್ಟಿಲ ಕಾಲುಗಳ ಮೇಲೆ ಲಿಂಗಯ್ಯನ ಪಂಚೆ ಬಿತ್ತು. ಪುಟ್ಟಮಾದು ಪಾಪದ ಮನುಷ್ಯ. ಮಗುವಿನ ಕೆನ್ನೆ ಮುಟ್ಟಿ, ಮಜ್ಜಿಗೆ ಕುಡಿದು, ಸಂಕಟ ತೋಡಿಕೊಂಡ. ಮನೆ ಕೆಡವಿದಾಗ ಹಳೆಯ ಹೊಸ್ತಿಲು ಕಾಣದೆ ಹೋಗಿದೆ. ಮೂವತ್ತು ವರ್ಷ ಅರಿಸಿನ ಕುಂಕುಮ ಇಟ್ಟ ಹೊಸ್ತಿಲು. ಮಲ್ಲಾಜಮ್ಮ ಹೊಸ ಬಾಗಿಲಿಗೂ ಅದನ್ನೇ ಇಡಿಸಬೇಕೆಂದಿದ್ದಳು. ಗಂಡನೇ ನೀರೊಲೆಗೆ ಉರಿ ಹಾಕಿದ್ದಾನೆ ಎಂದು ಅವಳ ತೀರ್ಮಾನ.

“ನಾಕ್ ತಿಂಗಳಾಯ್ತು ಬೀಗ್ರೆ, ಮಾತೇ ಆಡ್ನಿಲ್ಲ. ಮುದ್ದೆ ಇಕ್ತಾಳೆ, ಸಾರು ಬುಡ್ದಿಲ್ಲ” ಎಂದ ಪುಟ್ಟಮಾದು. “ಮಗ ಹುಟ್ದಾಗ ದೃಷ್ಟಿಗೆ ಅಂತ ಅದುಕ್ಕೆ ಲಾಳದ ಮೊಳೆ ಹೊಡ್ದಿದ್ಲು, ಅವ್ಳೇ, ಗುಂಡುಕಲ್ಲಲ್ಲಿ.”

ಲಿಂಗಯ್ಯ ಪಂಚೆಯನ್ನು ತೊಟ್ಟಿಲ ಕಾಲುಗಳ ಮೇಲೆ ಇನ್ನಷ್ಟು ಎಳೆದ. ಮರಿತಾಯಮ್ಮ ಬೀಸುವ ಕಲ್ಲನ್ನು ನಿಲ್ಲಿಸಿ ಗಂಡನ ಮುಖ ನೋಡಿದಳು. ಪುಟ್ಟಮಾದು ಹೋಗುವಾಗ ತೊಟ್ಟಿಲಿನ ವಿಷಯ ಕೇಳಿದ. “ನಿಲಂಬೂರು ತೇಗ” ಎಂದು ಲಿಂಗಯ್ಯನ ಬಾಯಿ, ಅವನನ್ನು ಕೇಳದೆಯೇ ಹೇಳಿಬಿಟ್ಟಿತು.

ಈಗ ಮುಚ್ಚಬೇಕಾದದ್ದು ಗುಳಿಯನ್ನಲ್ಲ, ಮೊಳೆಯನ್ನು. ಬೀಗರ ಮನೆಯ ಹೊಸ್ತಿಲನ್ನೇ ಕದ್ದು ಕಡೆದು ತವರಿನ ಉಡುಗೊರೆ ಎಂದು ಕೊಟ್ಟರೆ, ಚಿಕ್ಕತಾಯಿ ಆ ಮನೆಯಲ್ಲಿ ಮುದುಕಿಯಾಗುವವರೆಗೆ ಅತ್ತೆಯ ಬಾಯಿಗೆ ಎಲೆ ಅಡಿಕೆಯಾಗುತ್ತಾಳೆ. ಬೇರೆ ಮರಕ್ಕೆ ಹೊತ್ತಿಲ್ಲ, ಶುಕ್ರವಾರ ಹೊರಡಬೇಕು. ಎರಡು ದಿನ ಲಿಂಗಯ್ಯ ಆ ಕಾಲನ್ನು ಮಡಿಲಲ್ಲಿ ಮಲಗಿಸಿಕೊಂಡು ಕೂತ. ಮೂರನೆಯ ದಿನ ಚನ್ನಪಟ್ಟಣದಲ್ಲಿ ಗಿಲಕಿಗೆ ಕಡೆಯುತ್ತಿದ್ದ ಸಡಿಲ ಬಳೆ ನೆನಪಾಯಿತು. ಗುಳಿ ಬಿದ್ದ ಕಡೆ ಸುತ್ತಲೂ ತೆಗೆದು ಕತ್ತಿನ ಹಾಗೆ ಸಣ್ಣ ಮಾಡುವುದು. ಅದರ ಕೆಳಗಿನ ಒಳ್ಳೆಯ ಮರದಲ್ಲಿ ಒಂದು ಬಳೆಯನ್ನು ಕಡೆದು ಬಿಡಿಸುವುದು. ಬಳೆ ಕತ್ತಿನ ಮೇಲೆ ಆಡುತ್ತಿದ್ದರೆ ಒಳಗಿನ ಮೊಳೆ ಯಾರ ಕಣ್ಣಿಗೆ ಬಿದ್ದೀತು?

ಮರಿತಾಯಮ್ಮ ಹಗ್ಗ ಹಿಡಿಯುವ ಮುಂಚೆ, ತಪ್ಪಾಯಿತು ಎನ್ನಿ ಎಂದಳು ಮತ್ತೆ. ಲಿಂಗಯ್ಯ ಕೆಮ್ಮಿದ. ಮೊಮ್ಮಗನ ಮುಖ ನೋಡಿ ಎಳೆಯುತ್ತೇನೆ, ನಿಮ್ಮ ಮುಖ ನೋಡಿ ಅಲ್ಲ ಎಂದು ಹೇಳಿ ಎಳೆದಳು. ಬಳೆ ಬಿಡಿಸಿಕೊಂಡು ಟಕ್ಕೆಂದು ಕುಣಿಯಿತು. ಇಬ್ಬರಿಗೂ ಸಂತೋಷವಾಯಿತು, ತೋರಿಸಿಕೊಳ್ಳಲಿಲ್ಲ. ಆಮೇಲೆ ನೆನಪಾಯಿತು: ಉಳಿದ ಮೂರು ಕಾಲಿಗೆ ಕತ್ತೂ ಇಲ್ಲ, ಬಳೆಯೂ ಇಲ್ಲ. ಒಂದು ತಪ್ಪನ್ನು ಸರಿ ಮಾಡಲು, ಸರಿಯಾಗಿದ್ದ ಮೂರನ್ನೂ ಅದೇ ತಪ್ಪಿಗೆ ತರಬೇಕಾಯಿತು. ಮರಿತಾಯಮ್ಮನ ಅಂಗೈಯಲ್ಲಿ ಬೊಬ್ಬೆ ಎದ್ದು ಒಡೆದು ಮತ್ತೆ ಎದ್ದವು.

ಶುಕ್ರವಾರ ಚಂದಕವಾಡಿಯಲ್ಲಿ ಬೀದಿಯ ಹೆಂಗಸರೆಲ್ಲ ನೆರೆದರು. ತೊಟ್ಟಿಲು ತೂಗಿದರೆ ನಾಲ್ಕು ಬಳೆಯೂ ಟಕಟಕ ಎನ್ನುತ್ತವೆ, ಕೂಸು ಬೆರಳು ಚೀಪುವುದನ್ನು ಬಿಟ್ಟು ಕೇಳುತ್ತದೆ. ಇಂಥ ತೊಟ್ಟಿಲು ಚಾಮರಾಜನಗರದಲ್ಲೂ ಇಲ್ಲ ಎಂದರು. ಲಿಂಗಯ್ಯ ಎದೆ ಮುಂದೆ ಮಾಡಿ ನಿಂತ. ಮೂಲೆಯಲ್ಲಿ ಪುಟ್ಟಮಾದು ಸಾರಿಲ್ಲದ ಮುದ್ದೆ ನುಂಗುತ್ತಿದ್ದ. ಅದೊಂದು ಕಡೆ ಮಾತ್ರ ಲಿಂಗಯ್ಯ ನೋಡಲಿಲ್ಲ.

ಮಲ್ಲಾಜಮ್ಮ ಹೊಗಳುವ ಜಾತಿಯಲ್ಲ. ಅವಳು ತೊಟ್ಟಿಲ ಪಕ್ಕದಲ್ಲಿ ಕೂತು ಒಂದೊಂದೇ ಬಳೆಯನ್ನು ಬೆರಳಲ್ಲಿ ಮೇಲೆತ್ತಿ ನೋಡಿದಳು. ನಾಲ್ಕನೆಯದನ್ನು ಎತ್ತಿದವಳು ಕೆಳಗೆ ಬಿಡಲಿಲ್ಲ. ಕತ್ತಿನ ಮಧ್ಯೆ ಸಾಸಿವೆಯಷ್ಟು ಕಬ್ಬಿಣ ಮಿನುಗುತ್ತಿತ್ತು. ಅದರ ಮೇಲೆ ಉಗುರು ಆಡಿಸಿದಳು.

“ಇದೇನ್ ಬೀಗ್ರೆ?”

“ಅದಾ, ಅದು ಡಿಸೈ…” ಎಂದ ಲಿಂಗಯ್ಯ. ಅಷ್ಟರಲ್ಲಿ ಮಲ್ಲಾಜಮ್ಮನ ಕಣ್ಣು ತುಂಬಿತ್ತು. ಆ ಹೆಂಗಸಿನ ಕಣ್ಣಲ್ಲಿ ನೀರನ್ನು ಚಂದಕವಾಡಿ ಅದುವರೆಗೆ ಕಂಡಿರಲಿಲ್ಲ. ಮೂಲೆಯಲ್ಲಿ ಪುಟ್ಟಮಾದುವಿನ ಕೈಯ ಮುದ್ದೆ ತಟ್ಟೆಗೂ ಬಾಯಿಗೂ ನಡುವೆ ನಿಂತಿತ್ತು. ಲಿಂಗಯ್ಯ ಆ ಕಡೆ ನೋಡಿದ, ಈ ಕಡೆ ನೋಡಿದ, ಮಗಳ ಕಡೆ ನೋಡಿದ. ಆಮೇಲೆ ಐವತ್ತು ವರ್ಷ ಬಾಯಲ್ಲಿ ಬೆಳೆದ ಹಲ್ಲನ್ನು ಕೀಳಿಸಿಕೊಳ್ಳುವವನ ಹಾಗೆ ಮುಖ ಮಾಡಿ ಹೇಳಿದ: “ತಪ್ಪಾಯ್ತು ಬೀಗಿತ್ತಮ್ಮ. ತೇಗ ಅಲ್ಲ. ನಿಮ್ಮನೆ ಹೊಸ್ತಿಲು. ಸೌದೆ ಅಂತ ನಾನೇ ಹೊತ್ಕೊಂಡೋದೆ. ಅವ್ರು ಉರಿ ಹಾಕ್ನಿಲ್ಲ.”

ಚಿಕ್ಕತಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮಲ್ಲಾಜಮ್ಮ ಕಣ್ಣು ಒರೆಸಿಕೊಂಡಳು, ಒರೆಸಿಕೊಂಡ ಮೇಲೆ ಮಾಮೂಲಿನ ಮಲ್ಲಾಜಮ್ಮ ಆದಳು.

“ಮರ ನಮ್ದು. ಮೊಳೆ ನಂದು. ಅಂದ್ರೆ ತವರಿನ ತೊಟ್ಲು ಇನ್ನೂ ಬರ್ಬೇಕು, ಅಲ್ವ ಬೀಗ್ರೆ?”

ಅದುವರೆಗೆ ಬಾಗಿಲ ಮರೆಯಲ್ಲಿ ನಿಂತಿದ್ದ ಮರಿತಾಯಮ್ಮ ಮುಂದೆ ಬಂದು, ಎರಡು ಅಂಗೈಯನ್ನೂ ಬೀಗಿತ್ತಿಯ ಕಣ್ಣ ಮುಂದೆ ಬಿಚ್ಚಿದಳು. ಒಡೆದ ಬೊಬ್ಬೆಗಳು ಇನ್ನೂ ಕೆಂಪಗಿದ್ದವು.

“ಮರ ನಿಮ್ದೇ ಕಣಕ್ಕ. ಎಳ್ದ ರಟ್ಟೆ ತವರಿಂದು.”

ಮಲ್ಲಾಜಮ್ಮ ಆ ಕೈಗಳನ್ನು ನೋಡಿದಳು. ಎದ್ದು ಒಳಗೆ ಹೋದಳು. ಬಂದಾಗ ಒಂದು ಕೈಯಲ್ಲಿ ಅರಿಸಿನ ಕುಂಕುಮದ ಬಟ್ಟಲು, ಇನ್ನೊಂದು ಕೈಯಲ್ಲಿ ಸಾರಿನ ತಪಲೆ. ಮೊದಲು ಗಂಡನ ತಟ್ಟೆಗೆ ಸಾರು ಬಿಟ್ಟಳು, ಹೊಳೆ ಹರಿದ ಹಾಗೆ. ಆಮೇಲೆ ಬೀಗಿತ್ತಿಯ ಬೊಬ್ಬೆಗಳಿಗೆ ಅರಿಸಿನ ಹಚ್ಚಿದಳು, ಉಳಿದದ್ದನ್ನು ತೊಟ್ಟಿಲ ನಾಲ್ಕು ಕಾಲಿಗೆ ಇಟ್ಟಳು. ಅಂದಿನಿಂದ ಆ ಮನೆಯಲ್ಲಿ ಬೆಳಗಾದರೆ ತೊಟ್ಟಿಲ ಕಾಲಿಗೆ ಪೂಜೆ. ಯಾರಾದರೂ ತಿಳಿಯದೆ ಕಾಲು ತಾಕಿಸಿದರೆ, ಹೊಸ್ತಿಲು ಕಣೋ ಎಂದು ಗದರುತ್ತಾಳೆ. ಬಂದ ನೆಂಟರು ಏನೂ ಅರ್ಥವಾಗದೆ ಬಾಗಿಲ ಕಡೆ ನೋಡುತ್ತಾರೆ.

ಮರುದಿನ ಗುಂಡ್ಲುಪೇಟೆಯಲ್ಲಿ ಲಿಂಗಯ್ಯ ಯಶೋದಮ್ಮನ ಹೊಸ ಲಟ್ಟಣಿಗೆಗೆ ಮರ ಕಟ್ಟಿ, ಉಳಿ ಹಿಡಿದು ಕೂತ. ಹಗ್ಗದ ತುದಿಗಳು ಹೆಂಡತಿಯ ಕೈಯಲ್ಲೇ ಇದ್ದವು. ಮರ ಮಾತ್ರ ತಿರುಗಲಿಲ್ಲ.

“ಇನ್ನೊಂದ್ಸಲ ಯೋಳಿ” ಎಂದಳು ಮರಿತಾಯಮ್ಮ.

“ಏನ?”

“ನೆನ್ನೆ ಅಲ್ಲಿ ಅಂದ್ರಲ್ಲ, ಅದ.”

ಲಿಂಗಯ್ಯ ಬೀದಿಯ ಆ ಕಡೆ ಈ ಕಡೆ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಉಳಿಯ ಬಾಯಿಗೆ ಹೇಳುವ ಹಾಗೆ ಮೆಲ್ಲಗೆ ಹೇಳಿದ. ಮರ ತಿರುಗಿತು. ಆ ಲಟ್ಟಣಿಗೆ ಎರಡೂ ತುದಿಗೆ ಒಂದೇ ದಪ್ಪ ಬಂತು. ಇದು ಲಿಂಗಯ್ಯನದಲ್ಲ ಎಂದು ಯಶೋದಮ್ಮ ವಾಪಸು ಕಳಿಸಿದಳು.