ರೇಣುಕಾ ಹೊಲಿದ ಕಾಲರು

ಗೆಳತಿಯರೇ, ಹೊಟ್ಟೆಕಿಚ್ಚಿನಿಂದ ಯಾರಾದರೂ ಉದ್ಧಾರವಾಗಿದ್ದನ್ನು ನಾನು ಇವತ್ತೇ ನೋಡಿದ್ದು. ರಾಣೇಬೆನ್ನೂರಿನ ನಮ್ಮ ಗಾರ್ಮೆಂಟ್ಸಿನಲ್ಲಿ ನಾನು ಚೆಕರ್. ಬ್ಯಾಡಗಿಯಿಂದ ಬರುವ ಹೊಸ ಟೇಲರ್ ರೇಣುಕಾಳನ್ನು ಸೂಪರ್‌ವೈಸರ್ ದಿನವೂ ಹೊಗಳುತ್ತಾರೆ. ಅದಕ್ಕೇ ಬೆಳಿಗ್ಗೆಯಿಂದ ಅವಳು ಹೊಲಿದ ಕಾಲರುಗಳ ಬೆನ್ನು ಹತ್ತಿದೆ. ಹೊಲಿಗೆ ಕೂದಲೆಳೆಯಷ್ಟು ಸರಿದಿದ್ದರೂ ಕೆಂಪು ಸ್ಟಿಕರ್ ಅಂಟಿಸಿ, "ಬಿಚ್ಚಿ ಹೊಲಿಯವಾ" ಎಂದು ವಾಪಸ್ ಕಳಿಸಿದೆ. ಉಳಿದವರದನ್ನು ಮೇಲೆ ಮೇಲೆ ನೋಡಿ ಬಿಟ್ಟೆ.

ಮಧ್ಯಾಹ್ನ ಬೆಂಗಳೂರಿನಿಂದ ತಪಾಸಣೆಗೆ ಬಂದವರಿಗೆ ತಪ್ಪಿಲ್ಲದೆ ಸಿಕ್ಕಿದ್ದು ರೇಣುಕಾಳ ಕಾಲರುಗಳು ಮಾತ್ರ. "ಕೆಲಸ ಅಂದ್ರ ಹಿಂಗಿರಬೇಕ ನೋಡ್ರಿ" ಎಂದು ಸೂಪರ್‌ವೈಸರ್ ಎಲ್ಲರ ಕೈಲಿ ಚಪ್ಪಾಳೆ ಹೊಡೆಸಿದರು. ನಾನೂ ಹೊಡೆದೆ.

ಸಂಜೆ ರೇಣುಕಾ ಬಂದು, "ಅಕ್ಕಾರ, ಇದೆಲ್ಲಾ ನಿಮ್ಮಿಂದನ ಆತ್ರಿ. ನಾಳೆನೂ ಹಿಂಗ ನೋಡ್ರಿ" ಎಂದಳು.

ನಾಳೆ ಅವಳ ಕಾಲರುಗಳನ್ನು ಕಣ್ಣು ಮುಚ್ಚಿ ಪಾಸ್ ಮಾಡುತ್ತೇನೆ.