ಇಂಗಿನ ಡಬ್ಬಿಯ ಹಿಂಬದಿ

ಇನ್ನೊಬ್ಬರು ನನಗೆ 'ಪೋಲೆ ಪೋಲೆ' ಅಂದರೆ ಕೈಯಲ್ಲಿರೋ ಕೋಲಲ್ಲೇ ಬಾರಿಸಿಬಿಡ್ತೀನಿ ಅನ್ನೋ ಹಾಗಾಗಿತ್ತು. ಈ ಪರದೇಶದಲ್ಲಿ ಮಟಾಟು ವ್ಯಾನಿನ ಕಂಡಕ್ಟರು, ಫ್ಯಾಕ್ಟರಿ ಗೇಟಿನ ವಾಚ್‌ಮನ್, ನ್ಗಾರಾ ಮಾರ್ಕೆಟ್ಟಿನ ತರಕಾರಿಯವಳು, ಎಲ್ಲರದೂ ಅದೇ ಉಪದೇಶ: ನಿಧಾನ, ನಿಧಾನ. ಅಯ್ಯೋ, ನಿಧಾನವಾಗಿ ನಡೆದರೂ ಓಲಾಡ್ತಿದ್ದೆನಲ್ಲ ಸ್ವಾಮಿ! ಬೆಳಿಗ್ಗೆ ಎಂಟಕ್ಕೇ ಕುಡಿದವಳ ಹಾಗೆ.

ಒಬ್ಬ ಡಾಕ್ಟರು ಕಿವಿಯ ದೋಷ ಅಂದರು. ಇನ್ನೊಬ್ಬರು ವಿಟಮಿನ್ ಕಮ್ಮಿ ಅಂದರು. ಮೂರನೆಯವರು ಟೆನ್ಶನ್ ಮಾಡ್ಕೋಬೇಡಿ ಅಂತ ಹೇಳಿ ನನ್ನ ಟೆನ್ಶನ್ ಹೆಚ್ಚಿಸಿದರು. ಕೊನೆಗೆ ಸಿಕ್ಕ ನರರೋಗದ ಡಾಕ್ಟರಮ್ಮ ಮಾತ್ರ ಕಾರಿಡಾರಿನ ಟೈಲ್ಸ್ ಗೆರೆ ತೋರಿಸಿ, ಒಂದು ಕಾಲಿನ ಬೆರಳಿಗೆ ಇನ್ನೊಂದರ ಹಿಮ್ಮಡಿ ತಾಗಿಸಿ ಆ ಗೆರೆ ಮೇಲೆ ನಡಿ ಅಂದಳು. ಹದಿನಾಲ್ಕು ಹೆಜ್ಜೆಗೆ ಗೋಡೆ ಹಿಡಿದೆ. ಸ್ಕ್ಯಾನು, ರಕ್ತ ಪರೀಕ್ಷೆ ಎಲ್ಲ ಮುಗಿದ ಮೇಲೆ ಬಿಡಿಸಿ ಹೇಳಿದಳು. ಗೋಧಿಯಲ್ಲಿರೋ ಗ್ಲುಟೆನ್ ಹೊಟ್ಟೆಗೆ ಹೋದಾಗಲೆಲ್ಲ ನನ್ನ ದೇಹ ನನ್ನದೇ ಕಿರುಮೆದುಳನ್ನ ಶತ್ರು ಅಂದ್ಕೊಂಡು ಹೊಡೀತಿದೆ. ಬೀಳದ ಹಾಗೆ ನಮ್ಮನ್ನ ನಡೆಸೋದೇ ಆ ಕಿರುಮೆದುಳು.

"ಹೋದದ್ದು ವಾಪಸ್ ಬರಲ್ಲ, ಇರೋದನ್ನ ಉಳಿಸ್ಕೋ," ಅಂದಳು. "ಗೋಧಿ ಒಂದು ಚೂರೂ ಬೇಡ."

ನಮ್ಮನೆ ಅಡುಗೆ ಗಂಡನದು. ಕಂಪ್ಯೂಟರ್ ಕೆಲಸ, ಮನೆಯಲ್ಲೇ ಇರ್ತಾರೆ. ಅವತ್ತೇ ಚಪಾತಿ ಹಿಟ್ಟು, ರವೆ, ಶಾವಿಗೆ ಎಲ್ಲ ಪಕ್ಕದ ಮನೆಗೆ ಕೊಟ್ಟುಬಂದರು. ಮೂರು ಹೊತ್ತೂ ಅನ್ನ ಸಾರು, ಇಲ್ಲವೇ ಮೆಕ್ಕೆಜೋಳದ ಹಿಟ್ಟಿನ ಉಗಾಲಿ ಮುದ್ದೆ ಸಾರು. ಇಂಗು ತೆಂಗು ಇದ್ರೆ ಮಂಗನೂ ಅಡುಗೆ ಮಾಡುತ್ತೆ ಅಂತ ನಮ್ಮತ್ತೆ ಅನ್ನೋರು. ಮಗ ಅದನ್ನ ವೇದವಾಕ್ಯ ಅಂತ ಪಾಲಿಸಿದರು.

ಆರು ತಿಂಗಳಾದ ಮೇಲೆ ಅದೇ ಗೆರೆಯ ಮೇಲೆ ನಡೆದೆ. ಒಂಬತ್ತೇ ಹೆಜ್ಜೆ. ರಕ್ತ ಪರೀಕ್ಷೆಯಲ್ಲಿ ಗೋಧಿಯ ಗುರುತೂ ಇಳಿದಿರಲಿಲ್ಲ.

"ಕದ್ದು ತಿಂತಿದೀಯಾ?" ಅಂದಳು ಡಾಕ್ಟರಮ್ಮ.

ಮೈಯೆಲ್ಲ ಉರಿದುಹೋಯ್ತು. ಹುಟ್ಟುಹಬ್ಬದ ಮನೆಯಲ್ಲಿ ಎಲ್ಲರೂ ಕೇಕ್ ತಿನ್ನುವಾಗ ಕಡಲೆಬೀಜ ಜಗಿದು ಕೂತವಳು ನಾನು! ಅವಳು ಕೇಳಲಿಲ್ಲ. ಅಡುಗೆಮನೆಯಲ್ಲಿ ಇರೋದನ್ನೆಲ್ಲ ಹೊತ್ತುಕೊಂಡು ಬಾ ಅಂದಳು.

ಮಾರನೇ ದಿನ ಗಂಡ ಮುಖ ಊದಿಸ್ಕೊಂಡೇ ಎರಡು ಕ್ರೇಟ್ ತುಂಬಿಸಿ ತಂದರು. ಬೇಳೆ, ಹುಣಸೆ, ಸಾರಿನ ಪುಡಿ, ಒಂದೊಂದನ್ನೂ ತಿರುಗಿಸಿ ನೋಡ್ತಾ ಬಂದ ಡಾಕ್ಟರಮ್ಮ ಒಂದು ಹಳದಿ ಡಬ್ಬಿ ಮೂಸಿ ಮುಖ ಕಿವುಚಿದಳು.

"ಅದು ಇಂಗು," ಅಂದರು ನಮ್ಮೋರು, ಹೆಮ್ಮೆಯಿಂದ. "ಅದಿಲ್ದೆ ಒಗ್ಗರಣೆನೇ ಇಲ್ಲ. ಸಾರು, ಪಲ್ಯ, ಮಜ್ಜಿಗೆ, ಎಲ್ಲಕ್ಕೂ ಹಾಕ್ತೀನಿ."

ಅವಳು ಡಬ್ಬಿಯ ಹಿಂಬದಿ ನನ್ನ ಕಣ್ಣಿಗೆ ಹಿಡಿದಳು. ಸಾಸಿವೆಯಷ್ಟು ಸಣ್ಣ ಅಕ್ಷರ. ಮೊದಲ ಹೆಸರೇ ಗೋಧಿ ಹಿಟ್ಟು. ಇಂಗು ಕೊನೆಯಲ್ಲೆಲ್ಲೋ ಇತ್ತು.

ನನ್ನ ಕೆಲಸ ಏನು ಗೊತ್ತಾ? ಔಷಧಿ ಫ್ಯಾಕ್ಟರಿಯಲ್ಲಿ ಲೇಬಲ್ ಓದೋದು. ಒಂದಕ್ಷರ ತಪ್ಪಿದ್ದರೆ ಇಡೀ ಲಾಟ್ ವಾಪಸ್ ಕಳಿಸೋ ಚಂಡಿ ಅಂತ ಹೆಸರು ನನಗೆ. ಆ ಡಬ್ಬಿ ನಾನೇ ನ್ಗಾರಾದ ಅಂಗಡಿಯಿಂದ ತರ್ತಿದ್ದೆ. ಅಮ್ಮನ ಕಾಲದಿಂದ ನೋಡಿದ ಡಬ್ಬಿ, ಅದನ್ನೇನು ಓದೋದು ಅಂತ ಒಂದು ದಿನವೂ ತಿರುಗಿಸಲಿಲ್ಲ. ಥೂ ನನ್ನ ಜನ್ಮಕ್ಕೆ. ಇಬ್ಬರೂ ಇಂಗು ತಿಂದ ಮಂಗಗಳ ಹಾಗೆ ಕೂತುಬಿಟ್ಟೆವು.

ಒಂದು ವರ್ಷವಾಯ್ತು. ಮನೆಯಲ್ಲೀಗ ಇಂಗಿಲ್ಲ, ಸಾರಿಗೆ ರುಚಿಯೂ ಇಲ್ಲ. ರಕ್ತ ಶುದ್ಧವಾಗಿದೆ ಅಂತಾಳೆ ಡಾಕ್ಟರಮ್ಮ. ಗಂಡ ಹಾಲ್‌ನ ನೆಲದ ಮೇಲೆ ಗೆರೆ ಹಾಗೆ ಟೇಪು ಅಂಟಿಸಿದ್ದಾರೆ, ಪ್ರತಿ ಭಾನುವಾರ ನಾನು ನಡೀತೀನಿ, ಅವರು ಪಕ್ಕದಲ್ಲಿ ಎಣಿಸ್ತಾರೆ. ಒಂಬತ್ತಕ್ಕಿಂತ ಕಮ್ಮಿಯಾಗಿಲ್ಲ, ಖುಷಿಪಡು ಅಂತಾರೆ. ಪಡ್ತೀನಿ. ಆದರೆ ಹದಿನಾಲ್ಕರಲ್ಲಿ ಆ ಐದು ಹೆಜ್ಜೆ ಒಗ್ಗರಣೆಗೆ ಹೋದವು ಅಂತ ಇಬ್ಬರಿಗೂ ಗೊತ್ತು. ಒಂಬತ್ತು ಅಂದ ಕೂಡಲೇ ಅವರ ಕೈ ಮುಂದೆ ಬರುತ್ತೆ. ಹಿಡಿಯಲ್ಲ ಅಂತ ಹಟ ಮಾಡೋಕೂ ಹತ್ತನೇ ಹೆಜ್ಜೆ ಬೇಕಲ್ಲ.